ಯಾರು ತಿದ್ದಿದರು, ಯಾಕೆ ನಿಧಾನವಾಯಿತು: ಸಣ್ಣ ತಂಡಕ್ಕೆ ಯಾವ ಲಾಗ್ ವ್ಯವಸ್ಥೆ ಸರಿ?

ಮದ್ದೂರು ಕಡೆಯ ಒಂದು ಹಾಲಿನ ಡೈರಿಯಿಂದ ಮೈಸೂರಿನ ನಮ್ಮ ಆಫೀಸಿಗೆ ಫೋನ್ ಬಂದದ್ದು ಬಟವಾಡೆಯ ಮಾರನೇ ದಿನ. ಹಾಲು ಹಾಕುವ ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು ನಿಂತಿದ್ದಾರೆ, ಚೀಟಿಯಲ್ಲಿ ಫ್ಯಾಟ್ 4.1 ಇದೆ, ಕಂಪ್ಯೂಟರಿನಲ್ಲಿ 3.6 ಇದೆ. "ಯಾರ್ ತಿದ್ದಿರೋದು ಸಾರ್, ಹೇಳಿ" ಎಂದರು ಕಾರ್ಯದರ್ಶಿ. ಸಾಫ್ಟ್‌ವೇರ್ ಬರೆದವರು ನಾವು. ಉತ್ತರ ನಮ್ಮ ಹತ್ತಿರ ಇರಬೇಕಿತ್ತು. ಸರ್ವರಿಗೆ ಲಾಗಿನ್ ಆಗಿ ಹುಡುಕಿದೆ. ಚೀಟಿಯ ತಾರೀಖು ಕಳೆದು ಆಗಲೇ 17 ದಿನವಾಗಿತ್ತು. ಉಬುಂಟುವಿನಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿ ಸುಮ್ಮನೆ ಬಿಟ್ಟರೆ ಅದರ ಲಾಗ್, ಎಂದರೆ ಯಾವಾಗ ಏನು ನಡೆಯಿತು ಎಂದು ಸಾಲುಸಾಲಾಗಿ ಬರೆದಿಡುವ ದಾಖಲೆ, ಉಳಿಯುವುದು 14 ದಿನ, ಆಮೇಲೆ ಲಾಗ್‌ರೊಟೇಟ್ ಎಂಬ ಪ್ರೋಗ್ರಾಂ ಅದನ್ನು ಅಳಿಸಿಬಿಡುತ್ತದೆ. ಡೇಟಾಬೇಸಿನಲ್ಲಿ 3.6 ಎಂಬ ಅಂಕಿ ಮಾತ್ರ ಕೂತಿತ್ತು. ಅದಕ್ಕೆ ಮುಂಚೆ ಏನಿತ್ತು, ಯಾರ ಲಾಗಿನ್‌ನಿಂದ ಬದಲಾಯಿತು ಎಂಬುದಕ್ಕೆ ಒಂದು ಸಾಲಿನ ಗುರುತೂ ಇರಲಿಲ್ಲ.

ಡೈರಿಯವರು ಚೀಟಿಯನ್ನೇ ನಂಬಿ ಆಕೆಗೆ ದುಡ್ಡು ಕೊಟ್ಟರು. ಆದರೆ ಹಾಲು ಪರೀಕ್ಷೆ ಮಾಡುವ ಹುಡುಗನ ಮೇಲೆ ಊರಿನಲ್ಲಿ ಅನುಮಾನ ಉಳಿಯಿತು. ಅವನು ತಪ್ಪು ಮಾಡಿದ್ದಾನೆ ಎಂದು ತೋರಿಸಲೂ ನಮ್ಮಿಂದ ಆಗಲಿಲ್ಲ, ಮಾಡಿಲ್ಲ ಎಂದು ಹೇಳಲೂ ಆಗಲಿಲ್ಲ. ಇವತ್ತಿಗೂ ಅದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತದೆ.

ಅದೇ ತಿಂಗಳು ಬೇರೆ ಬೇರೆ ಡೈರಿಗಳಿಂದ ಇನ್ನೊಂದು ದೂರು: ಬೆಳಗಿನ ಹೊತ್ತು ಚೀಟಿ ಬರುವುದು ತಡವಾಗುತ್ತಿದೆ, ಕ್ಯಾನು ಹಿಡಿದವರ ಸಾಲು ರಸ್ತೆಯವರೆಗೆ ಬರುತ್ತಿದೆ. ಯಾವಾಗಿನಿಂದ ಎಂದು ಕೇಳಿದರೆ ಒಬ್ಬರು ಯುಗಾದಿಯಿಂದ ಎನ್ನುತ್ತಾರೆ, ಇನ್ನೊಬ್ಬರು ಹೋದ ವಾರದಿಂದ ಎನ್ನುತ್ತಾರೆ. ಅದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ.

ಆಮೇಲೆ ನಾವು ಒಂದೊಂದೇ ಸಾಧನ ಹಾಕಿ ನೋಡಿದೆವು. ಕೆಲವನ್ನು ಇಟ್ಟುಕೊಂಡೆವು, ಕೆಲವನ್ನು ತೆಗೆದೆವು. ಮೈಸೂರು, ಮಂಡ್ಯದಲ್ಲಿ ನಾಲ್ಕೈದು ಜನರ ತಂಡ ಕಟ್ಟಿಕೊಂಡು ಡೈರಿ, ಶಾಲೆ ಫೀಸು, ಹೋಂಸ್ಟೇ ಬುಕಿಂಗ್, ಕ್ಲಿನಿಕ್ ಟೋಕನ್ ಇಂಥ ವೆಬ್ ಸರ್ವೀಸ್ ನಡೆಸುವವರು ಬಹಳ ಜನ ಇದ್ದೀರಿ. ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡು ಪ್ರಶ್ನೆಗೆ ಎರಡು ಪಾತ್ರೆ

"ಯಾರು ತಿದ್ದಿದರು" ಎಂಬುದು ಒಂದು ಪ್ರಶ್ನೆ. "ಯಾಕೆ ನಿಧಾನ, ಯಾವಾಗಿನಿಂದ ನಿಧಾನ" ಎಂಬುದು ಬೇರೆ ಪ್ರಶ್ನೆ. ಎರಡಕ್ಕೂ ಲಾಗ್ ಎಂದೇ ಹೆಸರು ಇರುವುದರಿಂದ ಎರಡನ್ನೂ ಒಂದೇ ಪಾತ್ರೆಗೆ ಸುರಿಯುವ ಆಸೆ ಬರುತ್ತದೆ. ನಾವೂ ಹಾಗೇ ಶುರು ಮಾಡಿದ್ದೆವು. ಅದು ಕೂಡಿಬರಲಿಲ್ಲ.

ಯಾರು ಏನು ತಿದ್ದಿದರು ಎಂದು ಹೇಳುವ ಆಡಿಟ್ ಲಾಗ್‌ನಲ್ಲಿ ದಿನಕ್ಕೆ ನೂರೋ ಸಾವಿರವೋ ಸಾಲು ಬರಬಹುದು, ಅದರಲ್ಲಿ ಒಂದೂ ತಪ್ಪಿಹೋಗಬಾರದು, ಬರೆದದ್ದನ್ನು ಯಾರೂ ಅಳಿಸಬಾರದು, ವರ್ಷಗಟ್ಟಲೆ ಇರಬೇಕು. ವೇಗ ನೋಡುವ ಪರ್ಫಾರ್ಮೆನ್ಸ್ ಲೆಕ್ಕದಲ್ಲಿ ದಿನಕ್ಕೆ ಲಕ್ಷಗಟ್ಟಲೆ ಅಳತೆ ಬರುತ್ತದೆ. ಅದರಲ್ಲಿ ನೂರು ಕಳೆದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು ಅದರ ಏರಿಳಿತ. ಇಂಥ ಅಳತೆ ಕೂಡಿಡುವ ಪ್ರಮೀಥಿಯಸ್ ಎಂಬ ಸಾಧನ ಕಟ್ಟಿದವರೇ ತಮ್ಮ ದಾಖಲೆಯಲ್ಲಿ ಇದನ್ನು ನೇರವಾಗಿ ಹೇಳಿದ್ದಾರೆ: ನೂರಕ್ಕೆ ನೂರು ಕರಾರುವಾಕ್ಕಾದ ಲೆಕ್ಕ ಬೇಕಿದ್ದರೆ, ಸರ್ವರಿಗೆ ಬರುವ ಒಂದೊಂದು ಕೋರಿಕೆಗೂ (ರಿಕ್ವೆಸ್ಟ್) ಬಿಲ್ ಹಾಕುವಂಥ ಕೆಲಸಕ್ಕೆ, ಇದು ತಕ್ಕ ಸಾಧನ ಅಲ್ಲ. ಹಾಗಾಗಿ ಯಾವ ಸಾಧನ ಚೆನ್ನ ಎಂದು ಯಾರಾದರೂ ಕೇಳಿದರೆ, ಎರಡರಲ್ಲಿ ಯಾವ ಪ್ರಶ್ನೆಗೆ ಎಂದು ನಾನು ಮೊದಲು ಕೇಳುತ್ತೇನೆ.

ಎರಡನ್ನೂ ಜೋಡಿಸುವ ದಾರ ಒಂದಿರಬೇಕು. ಪ್ರತಿ ರಿಕ್ವೆಸ್ಟಿಗೂ ಒಂದು ಐಡಿ ಕೊಟ್ಟು ಅದನ್ನು ವೆಬ್ ಸರ್ವರ್ ಲಾಗ್, ಆಪ್ ಲಾಗ್, ಆಡಿಟ್ ದಾಖಲೆ ಮೂರರಲ್ಲೂ ಬರೆಯಿರಿ. ಎನ್‌ಜಿನ್‌ಎಕ್ಸ್ ತಾನೇ ಇಂಥ 32 ಅಕ್ಷರದ ಐಡಿ ಹುಟ್ಟಿಸಿಕೊಡುತ್ತದೆ, ಅದನ್ನು ಆಪ್‌ಗೆ ದಾಟಿಸಿದರೆ ಸಾಕು.

ಆಡಿಟ್: ಮೊದಲು ಡೇಟಾಬೇಸಿನೊಳಗೆ

ನಾವು ಮಾಡಿದ ಮೊದಲ ತಪ್ಪು ಇಲ್ಲಿ. ಫ್ಯಾಟ್ ಬದಲಾಯಿಸಿ, ಡೇಟಾಬೇಸಿನಲ್ಲಿ ಉಳಿಸಿ, ಆಮೇಲೆ ನೆಟ್‌ವರ್ಕ್ ಮೂಲಕ ಕೇಂದ್ರ ಲಾಗ್ ಸರ್ವರಿಗೆ "ಹೀಗಾಯಿತು" ಎಂದು ಕಳಿಸುತ್ತಿದ್ದೆವು. ಉಳಿಸುವುದಕ್ಕೂ ಕಳಿಸುವುದಕ್ಕೂ ನಡುವೆ ಆಪ್ ಸತ್ತರೆ ಬದಲಾವಣೆ ಇರುತ್ತದೆ, ದಾಖಲೆ ಇರುವುದಿಲ್ಲ. ಮೊದಲು ಕಳಿಸಿ ಆಮೇಲೆ ಉಳಿಸಿದರೆ, ಆಗದೇ ಇದ್ದ ಬದಲಾವಣೆಗೆ ದಾಖಲೆ ಹುಟ್ಟುತ್ತದೆ. ಸರಿಯಾದ ದಾರಿ ಒಂದೇ: ಬದಲಾವಣೆ ಮತ್ತು ಅದರ ಆಡಿಟ್ ಸಾಲು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಒಂದೇ ಡೇಟಾಬೇಸಿನಲ್ಲಿ ಬರೆಯಬೇಕು. ಆಗುವುದಾದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಕೇಂದ್ರ ಜಾಗಕ್ಕೆ ಸಾಗಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂ ಆ ಟೇಬಲ್ಲಿನಿಂದಲೇ ಎತ್ತಿಕೊಂಡು ಮಾಡಲಿ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಇದಕ್ಕೆ ಮೂರು ದಾರಿ ಇವೆ. ಆಪ್ ಕೋಡಿನಲ್ಲೇ ಬರೆಯಬಹುದು, ಟೇಬಲ್ಲಿನ ಮೇಲೆ ಟ್ರಿಗರ್ (ಸಾಲು ಬದಲಾದೊಡನೆ ತಾನೇ ಓಡುವ ಕೋಡ್) ಹಾಕಬಹುದು, ಇಲ್ಲವೇ ಪಿಜಿಆಡಿಟ್ ಎಂಬ ಎಕ್ಸ್‌ಟೆನ್ಶನ್ ಹಾಕಬಹುದು. ಪಿಜಿಆಡಿಟ್ ಡೇಟಾಬೇಸಿಗೆ ಕೊಟ್ಟ ಎಸ್‌ಕ್ಯುಎಲ್ ಆದೇಶಗಳನ್ನು ಲಾಗಿಗೆ ಬರೆಯುತ್ತದೆ, ಹಳೆಯ ಅಂಕಿ ಹೊಸ ಅಂಕಿಗಳನ್ನು ಜೋಡಿಸಿಕೊಡುವುದಿಲ್ಲ. ಡೇಟಾಬೇಸ್ ಅಡ್ಮಿನ್‌ಗಳ ಮೇಲೆ ಕಣ್ಣಿಡಲು ಅದು ಬೇಕು, ಡೈರಿ ಕಾರ್ಯದರ್ಶಿಗೆ ಉತ್ತರ ಕೊಡಲು ಸಾಲದು. ಟ್ರಿಗರ್ ಯಾವ ದಾರಿಯಿಂದ ಬದಲಾಯಿಸಿದರೂ ಹಿಡಿಯುತ್ತದೆ. ರಾತ್ರಿ ಯಾರೋ ನೇರವಾಗಿ ಡೇಟಾಬೇಸಿಗೆ ಹೋಗಿ ಅಂಕಿ ತಿದ್ದಿದರೂ ಸರಿ. ಆದರೆ ಆಪ್‌ನಲ್ಲಿ ಲಾಗಿನ್ ಆದವರು ಯಾರು, ಯಾವ ಕಾರಣ ಬರೆದರು ಎಂಬುದು ಟ್ರಿಗರಿಗೆ ತಾನಾಗಿ ಗೊತ್ತಾಗುವುದಿಲ್ಲ, ಟ್ರಾನ್ಸಾಕ್ಷನ್ ಶುರುವಾಗುವಾಗಲೇ ಆಪ್ ಅದನ್ನು ಸೆಷನ್‌ನಲ್ಲಿ ಇಟ್ಟುಕೊಡಬೇಕು. ನಾವು ಟ್ರಿಗರ್ ಮತ್ತು ಸೆಷನ್ ಎರಡನ್ನೂ ಸೇರಿಸಿದ್ದೇವೆ. ಇಷ್ಟು ವರ್ಷದ ಅನುಭವದಲ್ಲಿ ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವುದು ಇದನ್ನೇ.

ಈಗ ಒಂದು ಸಾಲು ಹೀಗಿರುತ್ತದೆ: ಸೊಸೈಟಿ ಸಂಖ್ಯೆ, ಸದಸ್ಯರ ಕೋಡ್, ಬೆಳಗಿನ ಸರದಿ, ಫ್ಯಾಟ್ ಹಿಂದೆ 4.1, ಈಗ 3.6, ತಿದ್ದಿದ ಲಾಗಿನ್, ಯಾವ ಯಂತ್ರದಿಂದ, ಎಷ್ಟು ಗಂಟೆಗೆ, ರಿಕ್ವೆಸ್ಟ್ ಐಡಿ, ಮತ್ತು ಕಾರಣ. ಕಾರಣ ಬರೆಯದೆ ತಿದ್ದಲು ಬಿಡುವುದಿಲ್ಲ. "ಮಷೀನ್ ಸ್ವಚ್ಛ ಮಾಡಿ ಮತ್ತೆ ಪರೀಕ್ಷೆ ಮಾಡಿದ್ದು" ಎಂದು ಒಬ್ಬ ಹುಡುಗ ಬರೆದಿದ್ದರೆ, ಆ ಒಂದು ವಾಕ್ಯ ಅವನ ಮರ್ಯಾದೆ ಉಳಿಸುತ್ತದೆ.

ಇನ್ನೊಂದು ಎಚ್ಚರಿಕೆ. ಅಳಿಸಲಾಗದ ಜಾಗದಲ್ಲಿ ಏನು ಬರೆಯುತ್ತೀರಿ ಎಂಬುದನ್ನು ನಾಲ್ಕು ಸಲ ಯೋಚಿಸಿ. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಯಾವುದೂ ಲಾಗಿಗೆ ಹೋಗಕೂಡದು. ಹೆಸರು, ಫೋನ್ ನಂಬರಿನ ಬದಲು ಸದಸ್ಯರ ಕೋಡ್ ಮಾತ್ರ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜನರಿಗೆ ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಕೊಟ್ಟಿದೆ. ಹೆಸರು ಬೇರೆ ಟೇಬಲ್ಲಿನಲ್ಲಿದ್ದರೆ ಅಲ್ಲಿ ಅಳಿಸಬಹುದು, ಆಡಿಟ್ ದಾಖಲೆ ಹಾಗೇ ಉಳಿಯುತ್ತದೆ.

ಬೇಲಿಯೇ ಎದ್ದು ಹೊಲ ಮೇಯದಂತೆ

ಡೈರಿಯಲ್ಲಿ ಹಳೆಯ ಲೆಕ್ಕದ ಪುಸ್ತಕ ನೋಡಿದ್ದೀರಾ? ಹೊಲಿದು ಬೈಂಡ್ ಮಾಡಿದ್ದು, ಪುಟಕ್ಕೆ ನಂಬರ್ ಹಾಕಿದ್ದು. ತಪ್ಪಾದರೆ ಉಜ್ಜಿ ಅಳಿಸುವುದಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ ಹಾಕುತ್ತಾರೆ. ಪುಟ ಹರಿದರೆ ನಂಬರ್ ತಪ್ಪಿ ಗೊತ್ತಾಗುತ್ತದೆ. ಆಡಿಟ್ ಲಾಗ್ ಆ ಪುಸ್ತಕದ ಹಾಗೆ ಇರಬೇಕು, ಬಿಡಿ ಹಾಳೆಯ ಕಟ್ಟಿನ ಹಾಗೆ ಅಲ್ಲ.

ಡೇಟಾಬೇಸಿನಲ್ಲಿ ಆಪ್‌ನ ಯೂಸರಿಗೆ ಆ ಟೇಬಲ್ಲಿನ ಮೇಲೆ ಸೇರಿಸುವ ಅನುಮತಿ ಮಾತ್ರ ಕೊಟ್ಟು, ತಿದ್ದುವ ಅಳಿಸುವ ಅನುಮತಿ ಕಿತ್ತುಕೊಳ್ಳಬಹುದು. ಅದು ಮೊದಲ ಬೇಲಿ. ಆದರೆ ಟೇಬಲ್ಲಿನ ಮಾಲೀಕ ಮತ್ತು ಸೂಪರ್‌ಯೂಸರ್, ಎಂದರೆ ನಾವೇ, ಅದನ್ನು ದಾಟಬಲ್ಲೆವು. ಗ್ರಾಹಕರು ಸಂಶಯಪಡಬೇಕಾದವರ ಪಟ್ಟಿಯಲ್ಲಿ ನಾವೂ ಇದ್ದೇವೆ ಎಂದು ಒಪ್ಪಿಕೊಳ್ಳಬೇಕು. ಅದಕ್ಕೇ ಹ್ಯಾಶ್ ಸರಪಳಿ. ಹ್ಯಾಶ್ ಎಂದರೆ ಪಠ್ಯದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚು, ಪಠ್ಯ ಬದಲಾದರೆ ಅದೂ ಬದಲಾಗುತ್ತದೆ. ಪ್ರತಿ ಸಾಲಿನ ಹ್ಯಾಶನ್ನು ಎಸ್‌ಎಚ್‌ಎ-256 ವಿಧಾನದಲ್ಲಿ ಲೆಕ್ಕ ಹಾಕುವಾಗ ಹಿಂದಿನ ಸಾಲಿನ ಹ್ಯಾಶನ್ನೂ ಅದರೊಳಗೆ ಸೇರಿಸಿ. ನಡುವಿನ ಒಂದು ಸಾಲು ಬದಲಾದರೆ ಅಲ್ಲಿಂದ ಮುಂದಿನ ಎಲ್ಲ ಹ್ಯಾಶೂ ತಾಳೆಯಾಗುವುದಿಲ್ಲ. ಆದರೆ ಸರಪಳಿಯೂ ನಮ್ಮ ಕೈಯಲ್ಲೇ ಇದ್ದರೆ ಇಡೀ ಸರಪಳಿಯನ್ನೇ ಹೊಸದಾಗಿ ಹೆಣೆಯಬಹುದಲ್ಲ? ಆದ್ದರಿಂದ ದಿನದ ಕೊನೆಯ ಹ್ಯಾಶ್ ನಮ್ಮ ಕೈ ದಾಟಬೇಕು. ನಾವು ಅದನ್ನು ಪ್ರತಿ ರಾತ್ರಿ ಡೈರಿ ಕಾರ್ಯದರ್ಶಿಗೆ ಮೇಲ್ ಮಾಡುತ್ತೇವೆ. ತಿಂಗಳ ಕೊನೆಯ ದಿನದ ಹ್ಯಾಶಿನ ಮೊದಲ ಎಂಟು ಅಕ್ಷರವನ್ನು ಅವರು ಅದೇ ಬೈಂಡ್ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ. ದುಡ್ಡು ಖರ್ಚಿಲ್ಲದ ಕೆಲಸ.

ಇದಕ್ಕೆ ಕ್ಲೌಡಿನ ಪರ್ಯಾಯ ಆಬ್ಜೆಕ್ಟ್ ಲಾಕ್, ಎಂದರೆ ಅವಧಿ ಮುಗಿಯುವವರೆಗೆ ಫೈಲ್ ಅಳಿಸಲು ಬಿಡದ ಬೀಗ. ಅಮೆಜಾನ್ ಎಸ್3 ಎಂಬ ಫೈಲ್ ಇಡುವ ಸೇವೆಯಲ್ಲಿ ಇದು 2018ರಿಂದ ಇದೆ. ಗವರ್ನೆನ್ಸ್ ಮೋಡ್‌ನಲ್ಲಿ ವಿಶೇಷ ಅನುಮತಿ ಇದ್ದವರು ಅವಧಿಗೆ ಮುಂಚೆ ಅಳಿಸಬಹುದು. ಕಂಪ್ಲಯನ್ಸ್ ಮೋಡ್‌ನಲ್ಲಿ ಎಲ್ಲ ಅಧಿಕಾರವೂ ಇರುವ ಖಾತೆಯ ರೂಟ್ ಯೂಸರ್ ಕೂಡ ಅಳಿಸಲಾರ. ಆಡಿಟ್‌ಗೆ ಬೇಕಾದದ್ದು ಎರಡನೆಯದು. ಆದರೆ ಪರೀಕ್ಷೆ ಮಾಡುವಾಗ ಏಳು ವರ್ಷ ಎಂದು ಹಾಕಿಬಿಟ್ಟರೆ ಏಳು ವರ್ಷ ಬಾಡಿಗೆ ಕಟ್ಟಬೇಕು, ಮೊದಲು ಒಂದು ದಿನದ ಅವಧಿ ಹಾಕಿ ನೋಡಿ. ಸ್ವಂತ ಸರ್ವರಿನಲ್ಲಿ ಮಾತ್ರ ಇಡುವುದಾದರೆ ಲಿನಕ್ಸ್ ಫೈಲಿಗೆ ಕೊನೆಗೆ ಸೇರಿಸಲು ಮಾತ್ರ ಬಿಡುವ ಗುರುತು ಹಾಕಬಹುದು. ರೂಟ್ ಅದನ್ನು ತೆಗೆಯಬಲ್ಲ, ಆದ್ದರಿಂದ ಆ ಸರ್ವರಿನ ರೂಟ್ ಪಾಸ್‌ವರ್ಡ್ ಆಪ್ ನಡೆಸುವವರ ಕೈಯಲ್ಲಿ ಇರಬಾರದು.

ಕೇಂದ್ರಕ್ಕೆ ತರುವ ಸಾಧನಗಳು

ಮೊದಲು ಜಾಗದ ಲೆಕ್ಕ. ದಿನಕ್ಕೆ 20 ಲಕ್ಷ ರಿಕ್ವೆಸ್ಟ್, ಒಂದಕ್ಕೆ 500 ಬೈಟಿನ ಸಾಲು ಎಂದರೆ ದಿನಕ್ಕೆ 1 ಜಿಬಿ, 180 ದಿನಕ್ಕೆ 180 ಜಿಬಿ. ಇಂಥ ಪಠ್ಯವನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುವುದು ಸಾಮಾನ್ಯ. ನಮ್ಮೂರಿನ ಹೆಚ್ಚಿನ ಸಣ್ಣ ಸರ್ವೀಸ್‌ಗಳು ಇದರ ಹತ್ತರಲ್ಲಿ ಒಂದು ಭಾಗವೂ ಇರುವುದಿಲ್ಲ. ಈ ಲೆಕ್ಕ ಹಾಕದೆ ದೊಡ್ಡ ಕಂಪನಿಗಳು ಬಳಸುವ ಸಾಧನ ತಂದು ಕೂರಿಸಿದರೆ, ಅದನ್ನು ಸಾಕುವುದಕ್ಕೇ ಒಬ್ಬರ ಸಂಬಳ ಹೋಗುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ.

ಆರ್‌ಸಿಸ್‌ಲಾಗ್ ಎಲ್ಲಕ್ಕಿಂತ ಹಳೆಯದು, ಸರಳ. 2004ರಲ್ಲಿ ಶುರುವಾದದ್ದು, ಬಹಳಷ್ಟು ಲಿನಕ್ಸ್ ಸರ್ವರುಗಳಲ್ಲಿ ಆಗಲೇ ಕೂತಿದೆ. ಐದಾರು ಸರ್ವರುಗಳ ಲಾಗನ್ನು ಒಂದು ಯಂತ್ರಕ್ಕೆ ತಂದು, ದಿನಕ್ಕೊಂದು ಫೈಲ್ ಮಾಡಿ, ಗ್ರೆಪ್ ಹಾಕಿ ಹುಡುಕುವುದಕ್ಕೆ ಬೇರೇನೂ ಬೇಡ. ಎಡವಿ ಬೀಳುವ ಎರಡು ಗುಂಡಿಗಳಿವೆ. ಹಳೆಯ ಪದ್ಧತಿಯಂತೆ ಯುಡಿಪಿ ಪೋರ್ಟ್ 514ರ ಮೇಲೆ ಕಳಿಸಿದರೆ ಸಾಲು ದಾರಿಯಲ್ಲಿ ಬಿದ್ದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಟಿಎಲ್‌ಎಸ್ ಗೂಢಲಿಪಿಯೊಂದಿಗೆ ಪೋರ್ಟ್ 6514 ಬಳಸಿ, ಇಲ್ಲವೇ ಸಾಲು ತಲುಪಿತೆಂದು ಖಚಿತಪಡಿಸಿಕೊಳ್ಳುವ ರೆಲ್ಪ್ ಪದ್ಧತಿ ಬಳಸಿ. ಎರಡನೆಯ ಗುಂಡಿ ಇನ್ನೂ ಆಳ: ಟಿಸಿಪಿಯಲ್ಲಿ ಕಳಿಸುವಾಗ ಕೇಂದ್ರ ಯಂತ್ರ ಬಿದ್ದರೆ, ಕಳಿಸಲಾಗದ ಸಾಲುಗಳನ್ನು ಡಿಸ್ಕಿನಲ್ಲಿ ಕಾಯಿಸಿಡುವ ಡಿಸ್ಕ್ ಕ್ಯೂ ಇಟ್ಟಿಲ್ಲದಿದ್ದರೆ, ಮುಖ್ಯ ಕ್ಯೂ ತುಂಬಿ, ಲಾಗ್ ಬರೆಯಲು ಬಂದ ಆಪ್‌ಗಳೇ ನಿಂತುಬಿಡಬಹುದು. ಲಾಗ್ ಸರ್ವರ್ ಕೆಟ್ಟು ಡೈರಿಯ ಚೀಟಿ ನಿಲ್ಲಬಾರದಲ್ಲ. ಡಿಸ್ಕ್ ಕ್ಯೂ ಇಡುವುದನ್ನು ಮರೆಯಬೇಡಿ.

ಲಾಗ್ ಕೂಡಿಸಿ ಹುಡುಕಿಕೊಡುವ ಗ್ರಫಾನಾ ಲೋಕಿ ಹೊರಬಂದದ್ದು 2018ರ ಕೊನೆಯಲ್ಲಿ. ಸಾಲಿನೊಳಗಿನ ಪದಗಳನ್ನು ಅದು ಇಂಡೆಕ್ಸ್ (ಹುಡುಕಲು ಪಟ್ಟಿ) ಮಾಡುವುದಿಲ್ಲ, ನಾವು ಅಂಟಿಸಿದ ಲೇಬಲ್‌ಗಳನ್ನು ಮಾತ್ರ ಮಾಡುತ್ತದೆ. ಆದ್ದರಿಂದ ಸಣ್ಣ ಯಂತ್ರದಲ್ಲಿ ಓಡುತ್ತದೆ, ಡಿಸ್ಕ್ ಕಡಿಮೆ ತಿನ್ನುತ್ತದೆ. ಇವತ್ತು ಬೆಳಿಗ್ಗೆ ಎಪಿಐಯಲ್ಲಿ ಬಂದ, 500 ಎಂಬ ಕೋಡಿನ ಸರ್ವರ್ ತಪ್ಪುಗಳನ್ನು ತೋರಿಸು ಎಂದರೆ ಥಟ್ಟನೆ ತೋರಿಸುತ್ತದೆ. ಆದರೆ ಲೇಬಲ್ ಆಯ್ಕೆಯಲ್ಲಿ ಎಡವಿದರೆ ಮುಗಿಯಿತು. ನಮ್ಮ ಹುಡುಗರೊಬ್ಬರು ಒಳ್ಳೆಯ ಮನಸ್ಸಿನಿಂದ ಸದಸ್ಯರ ಕೋಡನ್ನೂ ಲೇಬಲ್ ಮಾಡಿದ್ದರು. 150 ಸೊಸೈಟಿ, ಸೊಸೈಟಿಗೆ 200 ಜನ ಎಂದರೆ 30,000 ಬೇರೆ ಬೇರೆ ಸ್ಟ್ರೀಮ್ (ಲಾಗ್ ಧಾರೆ). ಮೆಮೊರಿ ತುಂಬಿ ಲೋಕಿ ಮತ್ತೆ ಮತ್ತೆ ಕುಸಿಯಿತು. ಸರ್ವೀಸ್ ಹೆಸರು, ಸರ್ವರ್, ಲಾಗ್ ಮಟ್ಟ, ಇಷ್ಟನ್ನೇ ಲೇಬಲ್ ಮಾಡಿ. ಉಳಿದದ್ದು ಸಾಲಿನೊಳಗೆ ಜೇಸನ್ ಆಗಿ ಇರಲಿ. ಒಬ್ಬ ಸದಸ್ಯರ ಆರು ತಿಂಗಳ ಎಲ್ಲ ಸಾಲು ಹುಡುಕು ಎಂದರೆ ಲೋಕಿ ಆರು ತಿಂಗಳ ತುಣುಕುಗಳನ್ನೂ ಓದಬೇಕು, ಸಣ್ಣ ಯಂತ್ರದಲ್ಲಿ ಅದು ಏದುಸಿರು ಬಿಡುತ್ತದೆ. ಹಾಗಾಗಿ ಆಡಿಟ್ ಹುಡುಕಾಟಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಇಲಾಸ್ಟಿಕ್‌ಸರ್ಚ್ ಮತ್ತು ಓಪನ್‌ಸರ್ಚ್ ಎಂಬ ಹುಡುಕು ಎಂಜಿನ್‌ಗಳು ಒಂದೇ ಬೇರಿನ ಎರಡು ಕೊಂಬೆ. 2021ರಲ್ಲಿ ಇಲಾಸ್ಟಿಕ್ ತನ್ನ ಲೈಸೆನ್ಸ್ ಬದಲಾಯಿಸಿದಾಗ ಅಮೆಜಾನ್ ಹಳೆಯ ಕೋಡಿನಿಂದ ಓಪನ್‌ಸರ್ಚ್ ಕವಲು ತೆಗೆಯಿತು, 2024ರಲ್ಲಿ ಅದು ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಹೋಯಿತು. ಅದೇ ವರ್ಷ ಇಲಾಸ್ಟಿಕ್ ಕೂಡ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಆಯ್ಕೆ ಸೇರಿಸಿತು. ಸಣ್ಣ ತಂಡಕ್ಕೆ ಲೈಸೆನ್ಸ್ ಜಗಳ ಮುಖ್ಯವಲ್ಲ, ಮೆಮೊರಿ ಮುಖ್ಯ. ಎಲ್ಲ ಪದವನ್ನೂ ಇಂಡೆಕ್ಸ್ ಮಾಡುವುದರಿಂದ ಯಾವ ಮೂಲೆಯ ಯಾವ ಪದವನ್ನಾದರೂ ಕ್ಷಣದಲ್ಲಿ ಹುಡುಕುತ್ತದೆ, ಅದಕ್ಕೆ ತಕ್ಕಷ್ಟು ರ‍್ಯಾಮ್ ಕೇಳುತ್ತದೆ. ಜಾವಾ ಹೀಪಿಗೆ (ಅದು ತನ್ನ ಕೆಲಸಕ್ಕೆ ಬಳಸುವ ಮೆಮೊರಿ) ಒಟ್ಟು ರ‍್ಯಾಮಿನ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ ಎಂಬುದು ಅವರದೇ ಸಲಹೆ, ಉಳಿದರ್ಧ ಫೈಲ್ ಕ್ಯಾಶಿಗೆ ಬೇಕು. ದಿನವೂ ಹುಡುಕುವ ಸಪೋರ್ಟ್ ತಂಡ ಇದ್ದರೆ ಹಾಕಿ. ತಿಂಗಳಿಗೆ ಎರಡು ಸಲ ಹುಡುಕುವುದಕ್ಕೆ ಬೇಡ. ಗ್ರೇಲಾಗ್ ಹಾಕಿದರೂ ಒಳಗೆ ಇದೇ ಹುಡುಕು ಎಂಜಿನ್ ಇರುತ್ತದೆ, ಜೊತೆಗೆ ಮಾಂಗೋಡಿಬಿ ಬೇರೆ.

ಕ್ಲೌಡಿನ ಸ್ವಂತ ಲಾಗ್ ಸೇವೆಗಳ ಬಗ್ಗೆ ಎರಡೇ ಮಾತು. ಸರ್ವರ್ ನೋಡಿಕೊಳ್ಳಲು ಜನವಿಲ್ಲದಿದ್ದರೆ ಅವೇ ಒಳ್ಳೆಯವು. ಅಮೆಜಾನ್‌ಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ರೀಜನ್ (ಡೇಟಾ ಸೆಂಟರ್ ನೆಲೆ) ಇದೆ, ಅವನ್ನು ಆರಿಸಿದರೆ ಲಾಗ್ ದೇಶದೊಳಗೇ ಇರುತ್ತದೆ. ಆದರೆ ಅಮೆಜಾನ್‌ನ ಲಾಗ್ ಸೇವೆ ಕ್ಲೌಡ್‌ವಾಚ್‌ನಲ್ಲಿ ಲಾಗ್ ಗುಂಪು ಮಾಡಿ ಹಾಗೇ ಬಿಟ್ಟರೆ ಅದರ ಅವಧಿ ಎಂದೂ ಮುಗಿಯುವುದಿಲ್ಲ, ಬಿಲ್ ಪ್ರತಿ ತಿಂಗಳೂ ಬೆಳೆಯುತ್ತದೆ. ಮೊದಲ ದಿನವೇ ಅವಧಿ ನಿಗದಿ ಮಾಡಿ. ಮತ್ತೆ, ಕ್ಲೌಡ್‌ಟ್ರೇಲ್ ಇದೆ, ಆಡಿಟ್ ಆಯಿತು ಎಂದು ಹೇಳುವವರನ್ನು ನೋಡಿದ್ದೇನೆ. ಅದು ದಾಖಲಿಸುವುದು ಅಮೆಜಾನ್ ಖಾತೆಯಲ್ಲಿ ಯಾರು ಏನು ಮಾಡಿದರು ಎಂಬುದನ್ನು, ನಿಮ್ಮ ಆಪ್‌ನಲ್ಲಿ ಯಾರು ಫ್ಯಾಟ್ ತಿದ್ದಿದರು ಎಂಬುದನ್ನಲ್ಲ.

ಏರಿಳಿತ ನೋಡುವುದನ್ನು ಮಂಡ್ಯದವರಿಗೆ ಹೇಳಿಕೊಡಬೇಕೇ?

ಮಳೆಗಾಲದಲ್ಲಿ ಮಂಡ್ಯ ಜಿಲ್ಲೆಯ ಯಾವ ಟೀ ಅಂಗಡಿಯಲ್ಲಿ ಕೂತರೂ ಕನ್ನಂಬಾಡಿ ಕಟ್ಟೆಯ ಮಾತು. ಗರಿಷ್ಠ ಮಟ್ಟ 124.80 ಅಡಿ, ಇವತ್ತು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಇವತ್ತಿನ ಮಟ್ಟ ಒಂದನ್ನೇ ಹೇಳಿದರೆ ಯಾವ ರೈತರೂ ನಾಟಿಯ ತೀರ್ಮಾನ ಮಾಡುವುದಿಲ್ಲ. ವೆಬ್ ಸರ್ವೀಸಿನ ವರದಿಯೂ ಅಷ್ಟೇ. ಗರಿಷ್ಠ ಸಾಮರ್ಥ್ಯ, ಇವತ್ತಿನ ಸ್ಥಿತಿ, ಹೋದ ವಾರ ಇದೇ ದಿನ ಇದೇ ಹೊತ್ತಿನ ಸ್ಥಿತಿ, ಬರುವ ರಿಕ್ವೆಸ್ಟ್, ಮುಗಿಯುವ ರಿಕ್ವೆಸ್ಟ್. ಇಷ್ಟು ಒಂದು ಪುಟದಲ್ಲಿ ಕಂಡರೆ ಸಾಕು.

ಸರಾಸರಿಯನ್ನು ಮಾತ್ರ ನಂಬಬೇಡಿ. 100 ಚೀಟಿಯಲ್ಲಿ 90 ಚೀಟಿ 0.2 ಸೆಕೆಂಡಿಗೆ ಬಂದು, 10 ಚೀಟಿ 6 ಸೆಕೆಂಡು ತಗೊಂಡರೆ ಸರಾಸರಿ 0.78 ಸೆಕೆಂಡು. ವರದಿ ನೋಡಿದವರಿಗೆ ಪರವಾಗಿಲ್ಲ ಅನಿಸುತ್ತದೆ. ಸಾಲಿನಲ್ಲಿ ನಿಂತ ಆ ಹತ್ತು ಜನರ ಹಿಂದೆ ಉಳಿದವರೂ ನಿಂತಿದ್ದಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಪಿ95, ಎಂದರೆ ನೂರರಲ್ಲಿ 95 ಚೀಟಿ ಎಷ್ಟು ಸಮಯದೊಳಗೆ ಬಂದವು ಎಂಬ ಅಂಕಿ, ಅದನ್ನು ನೋಡಿದ್ದರೆ ಆ 6 ಸೆಕೆಂಡು ನೇರವಾಗಿ ಕಣ್ಣಿಗೆ ಬೀಳುತ್ತಿತ್ತು. ಎರಡು ಸರ್ವರುಗಳ ಪಿ95 ತೆಗೆದುಕೊಂಡು ಅದರ ಸರಾಸರಿ ಮಾಡುವುದೂ ತಪ್ಪು, ಆ ಅಂಕಿಗೆ ಅರ್ಥವಿಲ್ಲ. ಹಿಸ್ಟೋಗ್ರಾಮಿನ ಡಬ್ಬಗಳನ್ನು, ಎಂದರೆ ಎಷ್ಟು ಸಮಯದೊಳಗೆ ಎಷ್ಟು ರಿಕ್ವೆಸ್ಟ್ ಮುಗಿದವು ಎಂಬ ಎಣಿಕೆಗಳನ್ನು, ಕೂಡಿಸಿ ಆಮೇಲೆ ಪಿ95 ತೆಗೆಯಬೇಕು.

ಇದಕ್ಕೆ ಪ್ರಮೀಥಿಯಸ್ ಮತ್ತು ಅದರ ಅಳತೆಯನ್ನು ಗ್ರಾಫ್ ಮಾಡಿ ತೋರಿಸುವ ಗ್ರಫಾನಾ ಜೋಡಿಯನ್ನು ನಾನು ಮೊದಲು ಹೇಳುತ್ತೇನೆ. ಪ್ರಮೀಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಹುಟ್ಟಿದ್ದು, ಈಗ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳ ಆಪ್‌ಗಳಿಗೂ ಅದರ ಲೈಬ್ರರಿ ಸಿಗುತ್ತದೆ. ಹಾಕಿದ ಮೇಲೆ ಎರಡು ಕಡೆ ಕೈ ಹಾಕಲೇಬೇಕು. ಒಂದು, ಅದು ತಾನಾಗಿ ಇಟ್ಟುಕೊಳ್ಳುವುದು 15 ದಿನದ ಅಳತೆ ಮಾತ್ರ. ಹದಿನೈದು ದಿನದಲ್ಲಿ ಏರಿಳಿತ ಏನು ಕಂಡೀತು? 400 ದಿನಕ್ಕೆ ಏರಿಸಿ. 1,000 ಸರಣಿಗಳನ್ನು (ಒಂದೊಂದೂ ಒಂದು ಬಗೆಯ ಅಳತೆ) 15 ಸೆಕೆಂಡಿಗೊಮ್ಮೆ ಅಳೆದರೆ ದಿನಕ್ಕೆ 57.6 ಲಕ್ಷ ಅಳತೆ. ಒಂದಕ್ಕೆ ಒಂದೆರಡು ಬೈಟ್ ಎಂದು ಅವರ ದಾಖಲೆಯೇ ಹೇಳುವುದರಿಂದ, ಎರಡು ಎಂದೇ ಹಿಡಿದರೂ ದಿನಕ್ಕೆ 11.5 ಎಂಬಿ, 400 ದಿನಕ್ಕೆ 4.6 ಜಿಬಿ. ಪೆನ್‌ಡ್ರೈವಿನಲ್ಲಿ ಹಿಡಿಯುವಷ್ಟು. ಎರಡು, ಹಿಸ್ಟೋಗ್ರಾಮಿನ ಡಬ್ಬಗಳು ಲೈಬ್ರರಿ ಕೊಟ್ಟಂತೆ ಬಿಟ್ಟರೆ ಸಾಮಾನ್ಯವಾಗಿ 10 ಸೆಕೆಂಡಿಗೆ ಮುಗಿಯುತ್ತವೆ. ನಿಮ್ಮ ಬಟವಾಡೆ ರಿಪೋರ್ಟ್ 40 ಸೆಕೆಂಡು ತಗೊಂಡರೂ ಗ್ರಾಫ್ 10 ಎಂದೇ ತೋರಿಸುತ್ತದೆ. ನಿಮ್ಮ ಕೆಲಸಕ್ಕೆ ತಕ್ಕ ಡಬ್ಬ ನೀವೇ ಬರೆಯಿರಿ. ಸರಣಿ ಬಹಳ ಹೆಚ್ಚಾದರೆ ಅದೇ ಬಗೆಯ ವಿಕ್ಟೋರಿಯಾಮೆಟ್ರಿಕ್ಸ್ ಎಂಬ ಸಾಧನ ನೋಡಬಹುದು, ಆದರೆ ಅದರದ್ದೂ ಅವಧಿ ಬದಲಾಯಿಸದಿದ್ದರೆ ಒಂದು ತಿಂಗಳು ಮಾತ್ರ.

ಎನ್‌ಜಿನ್‌ಎಕ್ಸ್ ಲಾಗಿನಿಂದಲೇ ವರದಿ ತೆಗೆದರೆ ಆಗದೇ? ದಿನಕ್ಕೆ ಒಂದು ವರದಿ ಸಾಕೆನ್ನುವವರಿಗೆ ಆಗುತ್ತದೆ. ಲಾಗ್ ಸಾಲಿಗೆ ರಿಕ್ವೆಸ್ಟಿನ ಒಟ್ಟು ಸಮಯ, ಅದರ ಹಿಂದೆ ಕೆಲಸ ಮಾಡುವ ಆಪ್ ತಗೊಂಡ ಸಮಯ ಎರಡನ್ನೂ ಸೇರಿಸಿ. ಎರಡರ ನಡುವೆ ಅಂತರ ದೊಡ್ಡದಿದ್ದರೆ ತಡವಾಗುತ್ತಿರುವುದು ಬಹುಪಾಲು ಹಳ್ಳಿಯ ನೆಟ್‌ವರ್ಕ್‌ನಲ್ಲಿ, ನಿಮ್ಮ ಕೋಡಿನಲ್ಲಲ್ಲ. ನಮ್ಮ ಆ ಬೆಳಗಿನ ದೂರಿನಲ್ಲಿ ಅರ್ಧ ಭಾಗ ಅದೇ ಆಗಿತ್ತು. ಇನ್ನರ್ಧ ಇಂಡೆಕ್ಸ್ ಇಲ್ಲದ ಒಂದು ಡೇಟಾಬೇಸ್ ಕ್ವೆರಿ.

ಬೆಳಿಗ್ಗೆ ಐದೂವರೆಯ ತೊಡಕು

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಯಾವ ಸಾಧನ ಹಾಕಿದರೂ ಇದು ಕಾಡುತ್ತದೆ. ಹೆಚ್ಚಿನ ಸಾಧನಗಳು ಒಳಗೆ ಯುಟಿಸಿ ಎಂಬ ಜಾಗತಿಕ ಸಮಯ ಬಳಸುತ್ತವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಎಂದರೆ ಅವುಗಳ ದಿನ ಬದಲಾಗುವುದು ನಮ್ಮ ಬೆಳಿಗ್ಗೆ 5:30ಕ್ಕೆ. ಹಾಲಿನ ಸರದಿ ಶುರುವಾಗುವುದೂ ಅದೇ ಹೊತ್ತಿಗೆ! 5:20ಕ್ಕೆ ಹಾಕಿದ ಹಾಲು ನಿನ್ನೆಯ ಲೆಕ್ಕಕ್ಕೆ, 5:40ರದ್ದು ಇವತ್ತಿನ ಲೆಕ್ಕಕ್ಕೆ. ಇಲಾಸ್ಟಿಕ್‌ಸರ್ಚ್‌ಗೆ ಲಾಗ್ ಸಾಗಿಸುವ ಲಾಗ್‌ಸ್ಟಾಶ್ ತಾರೀಖಿನ ಹೆಸರಿನಲ್ಲಿ ದಿನಕ್ಕೊಂದು ಇಂಡೆಕ್ಸ್ ಮಾಡುವುದೂ ಯುಟಿಸಿ ಪ್ರಕಾರವೇ, ಆದ್ದರಿಂದ ಹಳೆಯ ಇಂಡೆಕ್ಸ್ ಅಳಿಸುವಾಗ ಬೆಳಗಿನ ಒಂದು ಸರದಿ ಎರಡು ತುಂಡಾಗುತ್ತದೆ. ಪ್ರಮೀಥಿಯಸ್‌ನಲ್ಲಿ ಗಂಟೆ ಕೇಳುವ ಫಂಕ್ಷನ್ ಕೂಡ ಯುಟಿಸಿಯಲ್ಲೇ ಉತ್ತರಿಸುತ್ತದೆ. ಬೆಳಿಗ್ಗೆ 6ರಿಂದ 8ರವರೆಗೆ ನಿಧಾನವಾದರೆ ಮೆಸೇಜ್ ಕಳಿಸು ಎಂದು ನಾವು ಬರೆದ ನಿಯಮ ನಿಜಕ್ಕೂ ಕಾವಲು ಕಾದದ್ದು 11:30ರಿಂದ ಮಧ್ಯಾಹ್ನ 1:30ರವರೆಗೆ, ಡೈರಿ ಬೀಗ ಹಾಕಿದ ಹೊತ್ತಿನಲ್ಲಿ. ಮೂರು ವಾರ ಯಾವ ಮೆಸೇಜೂ ಬರಲಿಲ್ಲ, ಎಲ್ಲ ಸರಿಯಾಗಿದೆ ಎಂದುಕೊಂಡೆವು. ಉಳಿಸುವಾಗ ಯುಟಿಸಿಯಲ್ಲೇ ಉಳಿಸಿ, ದಿನವಾರು ವರದಿ ಮಾಡುವಾಗ ಏಷ್ಯಾ/ಕೋಲ್ಕತಾ ಸಮಯ ವಲಯವನ್ನು ಬಿಡಿಸಿ ಬರೆಯಿರಿ.

ಮೈಸೂರಿನ ಹೋಂಸ್ಟೇ, ಟಿಕೆಟ್ ಸರ್ವೀಸ್ ನಡೆಸುವವರಿಗೆ ಇನ್ನೊಂದು ತೊಡಕು ದಸರಾ. ವಿಜಯದಶಮಿ 2024ರಲ್ಲಿ ಅಕ್ಟೋಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೆ. ತಾರೀಖಿಗೆ ತಾರೀಖು ಹೋಲಿಸಿದರೆ ಜಂಬೂಸವಾರಿಯ ದಿನವನ್ನು ಖಾಲಿ ದಿನದ ಜೊತೆ ತೂಗಿದಂತೆ. ವಿಜಯದಶಮಿಯಿಂದ ಹಿಂದಕ್ಕೆ ಎಷ್ಟನೇ ದಿನ ಎಂದು ಎಣಿಸಿ ಹೋಲಿಸಿ, ಆಗ ಮಾತ್ರ ಮುಂದಿನ ದಸರಾಕ್ಕೆ ಎಷ್ಟು ಸರ್ವರ್ ಬೇಕೆಂದು ಹೇಳಬಹುದು.

ಕಾಯ್ದೆ ಕೇಳುವುದು

2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಸಣ್ಣ ತಂಡಗಳಿಗೂ ಅನ್ವಯಿಸುತ್ತದೆ. ಸಿಸ್ಟಂ ಲಾಗ್‌ಗಳು 180 ದಿನ ಭದ್ರವಾಗಿ ಇರಬೇಕು. ಭದ್ರತೆಗೆ ಸಂಬಂಧಿಸಿದ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ಸರ್ವರಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರಿಗೆ ಹೊಂದಿಸಿರಬೇಕು. 14 ದಿನಕ್ಕೆ ಅಳಿಸುವ ಲಾಗ್‌ರೊಟೇಟ್ ಇಲ್ಲೇ ಸೋಲುತ್ತದೆ. ಕ್ರೋನಿ ಎಂಬ ಪ್ರೋಗ್ರಾಂ ಹಾಕಿ ಸಮಯ ಹೊಂದಿಸುವುದು ಹತ್ತು ನಿಮಿಷದ ಕೆಲಸ, ಹೊಂದಿಸದೆ ಬಿಟ್ಟು ಎರಡು ಸರ್ವರುಗಳ ಗಡಿಯಾರ ಐದು ಸೆಕೆಂಡು ಬೇರೆಯಾದರೂ ಯಾವುದು ಮೊದಲು ಆಯಿತು ಎಂದು ಹೇಳಲಾಗುವುದಿಲ್ಲ. ಕಂಪನಿಗಳಿಗೆ ಅಕೌಂಟಿಂಗ್ ಸಾಫ್ಟ್‌ವೇರ್ ಮಾಡುವವರಾದರೆ, 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ (ತಿದ್ದುಪಡಿಗಳ ದಾಖಲೆ) ಕಡ್ಡಾಯ, ಅದನ್ನು ನಿಲ್ಲಿಸುವ ಬಟನ್ ಇರಕೂಡದು.

ಹಾಗಾದರೆ ಯಾರಿಗೆ ಯಾವುದು

ಒಂದೇ ಆಪ್, ಒಂದೆರಡು ಸರ್ವರ್, ಇಬ್ಬರು ಮೂವರು ಜನ: ಪೋಸ್ಟ್‌ಗ್ರೆಸ್‌ನಲ್ಲಿ ಆಡಿಟ್ ಟೇಬಲ್, ಹ್ಯಾಶ್ ಸರಪಳಿ, ಆರ್‌ಸಿಸ್‌ಲಾಗ್‌ನಿಂದ ಬೇರೆ ಯಂತ್ರಕ್ಕೆ ಲಾಗ್, ಪ್ರಮೀಥಿಯಸ್ ಮತ್ತು ಗ್ರಫಾನಾ. ಇಷ್ಟಕ್ಕೆ ನಿಲ್ಲಿಸಿ. ನಮ್ಮ ಡೈರಿ ಸಾಫ್ಟ್‌ವೇರ್ ಇವತ್ತಿಗೂ ಇದರ ಮೇಲೆ ಓಡುತ್ತಿದೆ.

ಏಳೆಂಟು ಸರ್ವೀಸ್ ಆಗಿ, ಒಂದು ರಿಕ್ವೆಸ್ಟ್ ನಾಲ್ಕು ಕಡೆ ಹೋಗಿಬರುವಂತಾದರೆ ಆರ್‌ಸಿಸ್‌ಲಾಗ್ ಜಾಗಕ್ಕೆ ಲೋಕಿ ತನ್ನಿ, ಆಪ್ ಕೋಡಿನಲ್ಲಿ ಓಪನ್‌ಟೆಲಿಮೆಟ್ರಿ ಬಳಸಿ. ಅದು ಲಾಗ್, ಅಳತೆ ಕಳಿಸಲು ಇರುವ, ಯಾವ ಸಾಧನಕ್ಕೂ ಕಟ್ಟುಬೀಳದ ಮಾದರಿ, ನಾಳೆ ಲೋಕಿ ಬೇಡವಾದರೆ ಆಪ್ ಮುಟ್ಟದೆ ಬದಲಾಯಿಸಬಹುದು. ಓಪನ್‌ಸರ್ಚ್ ಬೇಕೇ ಬೇಕು ಎನ್ನುವವರು ಅದನ್ನು ನೋಡಿಕೊಳ್ಳುವವರ ಹೆಸರು ಮೊದಲು ಬರೆದಿಡಿ. ಆ ಹೆಸರು ಇಲ್ಲದಿದ್ದರೆ ಕ್ಲೌಡ್ ಸೇವೆಗೆ ದುಡ್ಡು ಕೊಡುವುದೇ ಮೇಲು. ಯಾವುದನ್ನು ಆರಿಸಿದರೂ ಆಡಿಟ್ ಟೇಬಲ್ ಮಾತ್ರ ಡೇಟಾಬೇಸಿನಲ್ಲೇ ಹುಟ್ಟಲಿ, ಅದರಲ್ಲಿ ರಾಜಿ ಬೇಡ.

ಹಾಕಿದ ಮೇಲೆ ಅದು ನಿಜಕ್ಕೂ ಉತ್ತರ ಕೊಡುತ್ತದೆಯೇ ಎಂದು ನೋಡಲು ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಮೂರು ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಮದ್ದೂರಿಗೆ ಬಸ್ಸು ಹತ್ತಿ ಡೈರಿಗೆ ಹೋಗುತ್ತಾರೆ. ಅಲ್ಲಿನ ಮೇಜಿನ ಖಾನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಚೀಟಿಗಳ ಕಟ್ಟು ಇರುತ್ತದೆ. ಕಾರ್ಯದರ್ಶಿ ಕಣ್ಣುಮುಚ್ಚಿ ಒಂದು ಚೀಟಿ ಎಳೆಯುತ್ತಾರೆ. ಆ ಚೀಟಿಯ ಹಿಂದಿನ ಪೂರ್ತಿ ಕಥೆಯನ್ನು, ಯಾರು ಬರೆದರು, ತಿದ್ದಿದರೇ, ಯಾಕೆ, ಎಷ್ಟು ಸೆಕೆಂಡಿನಲ್ಲಿ ಚೀಟಿ ಬಂತು ಎಂಬುದನ್ನು, ನಾವು ಅಲ್ಲೇ ಅವರ ಎದುರಿಗೆ ಫೋನಿನಲ್ಲಿ ತೆಗೆದು ತೋರಿಸಬೇಕು. ಹೋದ ಸಲ ಬಂದ ಚೀಟಿ ಆಯುಧಪೂಜೆಯ ದಿನದ್ದು, ಇಂಕು ಅರ್ಧ ಮಾಸಿತ್ತು. ಫ್ಯಾಟ್ 3.9, ತಿದ್ದಿರಲಿಲ್ಲ, ಚೀಟಿ ಬರಲು 0.3 ಸೆಕೆಂಡು. ಪರೀಕ್ಷೆ ಮಾಡಿದ ಲಾಗಿನ್ ಅದೇ ಹುಡುಗನದು. ಅವನು ಪಕ್ಕದಲ್ಲೇ ನಿಂತು ಓದಿಕೊಂಡ.